ಗ್ರೀಕರ ಸಲಾಡು ಧಾರೇಶ್ವರದ ಅಡಿಗೆಮನೆಯಲ್ಲಿ

ಹಸಿಯ ತರಕಾರಿಯನ್ನು ಹೆಚ್ಚಿ, ಅದಕ್ಕೆ ಉಪ್ಪು, ಹುಳಿ, ಎಣ್ಣೆಗಳನ್ನು ಕೂಡಿಸಿ ತಿನ್ನುವ ಪದ್ಧತಿ ಜಗತ್ತಿನ ಅನೇಕ ಜನಾಂಗಗಳಲ್ಲಿ ಇದೆ. ಇಂಗ್ಲಿಷಿನಲ್ಲಿ ಇದಕ್ಕೆ ಸಲಾಡ್ ಎಂದು ಹೆಸರು. ಈ ಪದದ ಬೇರನ್ನು ಹುಡುಕುತ್ತ ಹೋದರೆ ಲ್ಯಾಟಿನ್ ಭಾಷೆಯ 'ಸಾಲ್' ಎಂಬ ಪದ ಸಿಗುತ್ತದೆ. ಅದರ ಅರ್ಥ ಉಪ್ಪು. ಅಂದಮೇಲೆ ಸಲಾಡು ಎಂದರೆ ಉಪ್ಪು ಬೆರೆಸಿದ್ದು ಎಂದಷ್ಟೇ ಆಯಿತು. ಈ ಅರ್ಥದಲ್ಲಿ ರಾಮನವಮಿಯ ಕೋಸಂಬರಿಯೂ ಸಲಾಡೇ. ನಮ್ಮ ಜಿಲ್ಲೆಯ ಮನೆಗಳಲ್ಲಿ ಮೊಸರು ಕೂಡಿಸಿ ಮಾಡುವ ಸೌತೆಕಾಯಿಯ ಹಶಿಯೂ ಸಲಾಡೇ. ಕೊಂಕಣಿ ಮನೆಗಳಲ್ಲಿ ಒಣ ಸಿಗಡಿಯನ್ನು ಹುರಿದು, ಈರುಳ್ಳಿ, ಕಾಯಿತುರಿ, ಮೆಣಸು, ಹುಳಿಗಳೊಡನೆ ಊಟಕ್ಕೆ ಕೂಡ್ರುವ ಹೊತ್ತಿಗೆ ಕಲಸುವ ಕಿಸ್ಮೂರವಂತೂ ಮಾಂಸ ಸೇರಿದ ಸಲಾಡಿಗೆ ತೀರ ಹತ್ತಿರದ ನೆಂಟ. ಹೀಗಿರುವಾಗ ಕೋಳಿ ಸೇರಿಸಿದ ಗ್ರೀಕ್ ಸಲಾಡು ಎಂಬ ಹೆಸರು ಕೇಳಿದೊಡನೆ, ಇದು ದೊಡ್ಡ ಪಟ್ಟಣದ ಹೊಟೆಲಿನ ಪದಾರ್ಥ, ನಮ್ಮ ಅಡಿಗೆಮನೆಯಲ್ಲಿ ಸಾಧ್ಯವಲ್ಲ ಎಂದು ಹಿಂಜರಿಯುವ ಕಾರಣವಿಲ್ಲ. ಕುಮಟೆಗೂ ಹೊನ್ನಾವರಕ್ಕೂ ನಡುವೆ ಕಡಲಿನ ಮಗ್ಗುಲಿಗಿರುವ ಧಾರೇಶ್ವರದಂಥ ಊರಿನಲ್ಲಿಯೇ, ಅಲ್ಲಿ ಸಿಗುವ ವಸ್ತುಗಳಿಂದಲೇ ಇದನ್ನು ಮಾಡಬಹುದು. ಪ್ರತಿಯೊಂದು ಪದಾರ್ಥವೂ ಆ ತಟ್ಟೆಯಲ್ಲಿ ಯಾವ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಸಾಕು. ಹೆಸರು ಬೇರೆಯಾದರೂ ಅದೇ ಕೆಲಸ ಮಾಡುವ ವಸ್ತು ನಮ್ಮಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಗ್ರೀಸ್ ದೇಶದಲ್ಲಿ ಈ ಸಲಾಡಿಗೆ 'ಹೊರಿಯಾತಿಕಿ' ಎನ್ನುತ್ತಾರೆ. ಹಳ್ಳಿಯದು ಎಂದು ಆ ಪದದ ಅರ್ಥ. ಟೊಮೇಟೊ, ಸೌತೆಕಾಯಿ, ಈರುಳ್ಳಿ, ಹಸಿರು ದೊಣ್ಣಮೆಣಸಿನಕಾಯಿ ಇವುಗಳ ದಪ್ಪ ಹೋಳುಗಳು. ಉಪ್ಪುನೀರಿನಲ್ಲಿ ಹಾಕಿಟ್ಟ ಆಲಿವ್ ಕಾಯಿಗಳು. ಫೆಟಾ ಎಂಬ ಉಪ್ಪು ಗಿಣ್ಣಿನ ಒಂದು ತುಂಡು. ಮೇಲೆ ಆಲಿವ್ ಎಣ್ಣೆ ಮತ್ತು ಒರೆಗಾನೊ ಎಂಬ ಸೊಪ್ಪಿನ ಪುಡಿ. ಇಷ್ಟೇ ಅದರ ಸಾಮಗ್ರಿ. ಹೊಟೆಲುಗಳಲ್ಲಿ ಇದರ ಹೆಸರಿನಲ್ಲಿ ಕೊಡುವ ಎಲೆಸೊಪ್ಪು ಮೂಲದಲ್ಲಿ ಇಲ್ಲ. ಕೋಳಿಯೂ ಇಲ್ಲ, ಒಂದೇ ತಟ್ಟೆಯಲ್ಲಿ ಪೂರ್ಣ ಊಟವಾಗಲೆಂದು ಬೇರೆ ದೇಶದವರು ಅದನ್ನು ಆಮೇಲೆ ಸೇರಿಸಿಕೊಂಡರು. ಇನ್ನೊಂದು ಮಾತನ್ನೂ ಇಲ್ಲಿ ನೆನೆಯಬೇಕು. ಟೊಮೇಟೊ ಮತ್ತು ದೊಣ್ಣಮೆಣಸು ಗ್ರೀಕರ ನೆಲದ ಬೆಳೆಗಳಲ್ಲ. ಅವು ಅಮೇರಿಕಾ ಖಂಡದಿಂದ 15ನೆಯ ಶತಮಾನದ ಕೊನೆಯ ತರುವಾಯ ಯುರೋಪಿಗೆ ಬಂದವು. ಸಾಕ್ರೆಟೀಸನಾಗಲಿ ಪ್ಲೇಟೋವಾಗಲಿ ಟೊಮೇಟೊವನ್ನು ಕಂಡವರಲ್ಲ. ಗ್ರೀಕರೇ ಹೊರಗಿನ ಕಾಯಿಗಳನ್ನು ತಮ್ಮದಾಗಿ ಮಾಡಿಕೊಂಡಿರುವಾಗ, ನಾವು ಅವರ ಸಲಾಡನ್ನು ನಮ್ಮ ಕಾಯಿಗಳಿಂದ ಮಾಡಿಕೊಂಡರೆ ತಪ್ಪೇನೂ ಆಗದು.

ಈಗ ಒಂದೊಂದೇ ವಸ್ತುವಿನ ಕೆಲಸವನ್ನು ನೋಡೋಣ.

ಈರುಳ್ಳಿಯ ವಿಷಯದಲ್ಲಿ ನಾವು ಗ್ರೀಕರಿಗಿಂತ ಭಾಗ್ಯವಂತರೆಂದೇ ಹೇಳಬೇಕು. ಈರುಳ್ಳಿಯನ್ನು ಕೊಯ್ದಾಗ ಅದರ ಕೋಶಗಳು ಒಡೆದು, ಒಳಗೆ ಬೇರೆ ಬೇರೆಯಾಗಿದ್ದ ದ್ರವ್ಯಗಳು ಕೂಡಿ, ಗಂಧಕವುಳ್ಳ ಖಾರವಾದ ವಸ್ತುಗಳು ಹುಟ್ಟುತ್ತವೆ. ಕಣ್ಣೀರು ಬರುವುದೂ ಇವುಗಳಿಂದಲೇ. ಘಾಟು ಹೆಚ್ಚಿನ ಈರುಳ್ಳಿಯನ್ನು ಹಸಿಯಾಗಿ ತಿನ್ನಬೇಕಾದರೆ ಹೋಳುಗಳನ್ನು ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಬಸಿಯಬೇಕಾಗುತ್ತದೆ. ಕುಮಟಾ ತಾಲೂಕಿನ ಅಳ್ವೆಕೋಡಿ, ವನ್ನಳ್ಳಿ, ಹಂದಿಗೋಣಗಳ ಕಡೆ ಭತ್ತದ ಕೊಯ್ಲಿನ ತರುವಾಯ ಗದ್ದೆಗಳಲ್ಲಿ ಬೆಳೆಯುವ ಈರುಳ್ಳಿಗೆ ಈ ಉಪಚಾರ ಬೇಕಿಲ್ಲ. ಅದು ಹಸಿಯಾಗಿಯೇ ಸಿಹಿ. ಬೇಸಗೆಯಲ್ಲಿ ಹೆದ್ದಾರಿಯ ಬದಿಗೆ ಗೊಂಚಲು ಗೊಂಚಲಾಗಿ ತೂಗುಹಾಕಿ ಮಾರುವ ಈ ಕೆಂಪು ಈರುಳ್ಳಿಯನ್ನು ದಾರಿಹೋಕರೆಲ್ಲ ಬಲ್ಲರು. ಸಾರಿಗೂ ಪಲ್ಯಕ್ಕೂ ಹಾಕಿ ಬೇಯಿಸಿದರೆ ಇದರ ವಿಶೇಷ ಗುಣ ಅಷ್ಟಾಗಿ ಗೊತ್ತಾಗುವುದಿಲ್ಲ. ಹಸಿಯಾಗಿ ತಿಂದಾಗಲೇ ಇದರ ಬೆಲೆ ತಿಳಿಯುವುದು. ತೆಳ್ಳಗೆ ಕೊಯ್ದ ಹೋಳಿಗೆ ಲಿಂಬೆರಸ ಬಿದ್ದರೆ ಕೆಂಪು ಬಣ್ಣ ಇನ್ನಷ್ಟು ಉಜ್ವಲವಾಗುತ್ತದೆ. ಈರುಳ್ಳಿಯ ಬಣ್ಣದ ದ್ರವ್ಯ ಹುಳಿಯಲ್ಲಿ ಕೆಂಪೇರುವ ಗುಣವುಳ್ಳದ್ದು.

ಸೌತೆಕಾಯಿ ಮತ್ತು ಟೊಮೇಟೊಗಳು ನೀರನ್ನು ಕೊಡುತ್ತವೆ. ಇವೆರಡರ ತೂಕದಲ್ಲಿ ನೂರಕ್ಕೆ 94–95 ಪಾಲು ನೀರೇ ಇದೆ. ಉಪ್ಪು ಬಿದ್ದೊಡನೆ ಈ ನೀರು ಕೋಶಗಳಿಂದ ಹೊರಕ್ಕೆ ಬರತೊಡಗುತ್ತದೆ. ಹೊರಗಡೆ ಉಪ್ಪಿನ ಸಾಂದ್ರತೆ ಹೆಚ್ಚಾದಾಗ ಒಳಗಿನ ನೀರು ಅತ್ತ ಸರಿಯುವ ಈ ಕ್ರಿಯೆಗೆ ವಿಜ್ಞಾನಿಗಳು ಆಸ್ಮಾಸಿಸ್ ಎನ್ನುತ್ತಾರೆ. ಕೋಸಂಬರಿಗೆ ಉಪ್ಪನ್ನು ಕೊನೆಗೆ ಹಾಕಬೇಕೆಂದು ಹಿರಿಯರು ಹೇಳುವುದು ಇದೇ ಕಾರಣಕ್ಕೆ. ಸಲಾಡಿಗೂ ಇದೇ ನಿಯಮ. ತಿನ್ನುವ ಹೊತ್ತಿಗೆ ಉಪ್ಪು ಹಾಕಿದರೆ ಹೋಳು ಗರಿಗರಿಯಾಗಿರುತ್ತದೆ. ಒಂದು ತಾಸು ಮೊದಲೇ ಹಾಕಿದರೆ ತಟ್ಟೆಯಲ್ಲಿ ನೀರು ನಿಂತು, ಕಾಯಿ ಬಾಡುತ್ತದೆ. ತಟ್ಟೆಯ ತಳದಲ್ಲಿ ಕೊನೆಗೆ ಉಳಿಯುವ ರಸವನ್ನು ಗ್ರೀಕರು ರೊಟ್ಟಿಯ ತುಂಡಿನಿಂದ ಒರೆಸಿ ತಿನ್ನುತ್ತಾರೆ. ನಾವು ಚಪಾತಿಯಿಂದಲೋ ತೆಳ್ಳೇವಿನಿಂದಲೋ ಈ ಕೆಲಸ ಮಾಡಬಹುದು. ಕೆಲವು ಸೌತೆಕಾಯಿಗಳು ಕಹಿಯಾಗಿರುವುದುಂಟು. ಆದುದರಿಂದ ತೊಟ್ಟಿನ ಕಡೆಯ ಚೂರೊಂದನ್ನು ಬಾಯಿಗೆ ಹಾಕಿ ನೋಡಿಯೇ ಹೆಚ್ಚುವುದು ಲೇಸು.

ಆಲಿವ್ ಕಾಯಿ ಮರದಿಂದ ಕಿತ್ತೊಡನೆ ತಿನ್ನಲಾಗದಷ್ಟು ಕಹಿ. ಬಹಳ ದಿನ ಉಪ್ಪುನೀರಿನಲ್ಲಿಟ್ಟ ಮೇಲೆ ಅದರ ಕಹಿ ಇಳಿದು ತಿನ್ನಲು ಬರುತ್ತದೆ. ಸಲಾಡಿನಲ್ಲಿ ಅದರ ಕೆಲಸ, ಅಲ್ಲೊಂದು ಇಲ್ಲೊಂದು ತುತ್ತಿನಲ್ಲಿ ಉಪ್ಪು ಹುಳಿಗಳ ಬಲವಾದ ರುಚಿಯನ್ನು ಕೊಡುವುದು. ನಮ್ಮ ಮನೆಗಳಲ್ಲಿ ಭರಣಿಯಲ್ಲಿ ಉಪ್ಪು ಹಾಕಿಟ್ಟ ಮಿಡಿಮಾವು ಈ ಕೆಲಸವನ್ನು ಚೆನ್ನಾಗಿ ನಿರ್ವಹಿಸುತ್ತದೆ. ಮೆಣಸಿನ ಹಿಟ್ಟು ಬೆರೆಸದ, ಬರಿಯ ಉಪ್ಪಿನಲ್ಲಿರುವ ಮಿಡಿಯನ್ನು ತೊಳೆದು, ಸಣ್ಣಗೆ ಹೆಚ್ಚಿಕೊಳ್ಳಬೇಕು. ಮಿಡಿ ಹಾಕಿದ ದಿನ ಬೇರೆ ಉಪ್ಪನ್ನು ಅರ್ಧಕ್ಕೆ ಇಳಿಸಬೇಕು.

ಫೆಟಾ ಗಿಣ್ಣಿನ ಹೆಸರಿಗೆ ಯುರೋಪಿನಲ್ಲಿ ಕಾನೂನಿನ ರಕ್ಷಣೆ ಇದೆ. 2002ರಲ್ಲಿ ಯುರೋಪಿಯನ್ ಒಕ್ಕೂಟವು ಈ ಹೆಸರು ಗ್ರೀಸಿನ ಗಿಣ್ಣಿಗೆ ಮಾತ್ರ ಸಲ್ಲತಕ್ಕದ್ದೆಂದು ನಿರ್ಣಯಿಸಿತು. ಕುರಿಯ ಹಾಲಿನಿಂದ, ಅಥವಾ ಅದಕ್ಕೆ ನೂರಕ್ಕೆ 30 ಪಾಲು ಮೀರದಂತೆ ಆಡಿನ ಹಾಲು ಬೆರೆಸಿ ಇದನ್ನು ಮಾಡಿ, ಉಪ್ಪುನೀರಿನಲ್ಲಿ ಪಕ್ವಗೊಳಿಸುತ್ತಾರೆ. ಅದರ ರುಚಿ ಪೂರ್ತಿಯಾಗಿ ನಮಗೆ ಮನೆಯಲ್ಲಿ ಬರಲಾರದು. ಆದರೆ ಅದರ ಕೆಲಸ ಮಾಡಿಸಿಕೊಳ್ಳಬಹುದು. ಒಂದು ಲೀಟರು ಗಟ್ಟಿ ಹಾಲನ್ನು ಕುದಿಸಿ, ಉರಿ ತಗ್ಗಿಸಿ, ಒಂದು ದೊಡ್ಡ ಲಿಂಬೆಹಣ್ಣಿನ ರಸವನ್ನು ಸ್ವಲ್ಪ ಸ್ವಲ್ಪವಾಗಿ ಹಿಂಡಿದರೆ ಹಾಲು ಒಡೆಯುತ್ತದೆ. ಹಾಲಿನಲ್ಲಿ ತೇಲುತ್ತಿರುವ ಕೇಸೀನ್ ಎಂಬ ಪ್ರೋಟೀನು ಹುಳಿ ತಾಗಿದಾಗ ಒಂದಕ್ಕೊಂದು ಅಂಟಿ ಗಟ್ಟಿಯಾಗುವುದೇ ಇದಕ್ಕೆ ಕಾರಣ. ಇದನ್ನು ಬಟ್ಟೆಯಲ್ಲಿ ಸೋಸಿ, ಒಂದು ತಾಸು ಭಾರವಿಟ್ಟರೆ ಪನೀರು ಸಿದ್ಧ. ಅರ್ಧ ಲೀಟರು ಕುದಿಸಿ ಆರಿಸಿದ ನೀರಿಗೆ 30 ಗ್ರಾಂ ಉಪ್ಪು ಹಾಕಿ, ಪನೀರಿನ ತುಂಡುಗಳನ್ನು ಅದರಲ್ಲಿ ಮುಳುಗಿಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಡಬೇಕು. ಬೆಳಿಗ್ಗೆ ಅದು ಉಪ್ಪು ಹೀರಿ, ಹಿಸುಕಿದರೆ ಪುಡಿಪುಡಿಯಾಗುವ ಹದಕ್ಕೆ ಬಂದಿರುತ್ತದೆ.

ಒರೆಗಾನೊ ಎಂಬ ಸೊಪ್ಪು ನಮ್ಮ ಸಂತೆಯಲ್ಲಿ ಸಿಗುವುದಿಲ್ಲ. ಆದರೆ ಅದರ ಪರಿಮಳಕ್ಕೆ ಮುಖ್ಯ ಕಾರಣ ಕಾರ್ವಕ್ರಾಲ್ ಎಂಬ ತೈಲದ್ರವ್ಯ. ನಮ್ಮ ಹಿತ್ತಲಿನ ದೊಡ್ಡಪತ್ರೆಯಲ್ಲಿಯೂ ಈ ದ್ರವ್ಯವಿದೆ. ಅಡಿಗೆಗೆ ಬಳಸುವ ಓಮಿನಲ್ಲಿ ಇದರ ಅತಿ ಸಮೀಪದ ಬಂಧುವಾದ ಥೈಮಾಲ್ ಇದೆ. ಸಸ್ಯಗಳು ಬೇರೆ ಬೇರೆ. ಪರಿಮಳದ ದ್ರವ್ಯ ಒಂದೇ ಮನೆತನದ್ದು. ತಂಬುಳಿ ಮಾಡಲು ಕೀಳುವ ದೊಡ್ಡಪತ್ರೆಯ ಮೂರು ಎಲೆಗಳನ್ನು ಸಣ್ಣಗೆ ಹೆಚ್ಚಿ, ಒಂದು ಚಿಟಿಕೆ ಓಮನ್ನು ಹುರಿದು ಪುಡಿಮಾಡಿ ಹಾಕಿದರೆ ಗ್ರೀಕರ ಸಲಾಡಿನ ವಾಸನೆ ತಾನಾಗಿ ಬರುತ್ತದೆ. ಎಲೆ ಹೆಚ್ಚಾದರೆ ಔಷಧಿಯ ವಾಸನೆಯಾದೀತು, ಆದುದರಿಂದ ಮಿತವಿರಲಿ.

ಎಣ್ಣೆಯ ಕೆಲಸ ರುಚಿಗಷ್ಟೇ ಮುಗಿಯುವುದಿಲ್ಲ. ಟೊಮೇಟೊದ ಕೆಂಪು ಬಣ್ಣಕ್ಕೆ ಕಾರಣವಾದ ಲೈಕೊಪೀನ್ ಮೊದಲಾದ ದ್ರವ್ಯಗಳು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತವೆ. ಜೊತೆಗೆ ಎಣ್ಣೆ ಇದ್ದರೆ ದೇಹ ಅವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಆಲಿವ್ ಎಣ್ಣೆ ಹೊರದೇಶದಿಂದ ಬರುವಂಥದು, ಬೆಲೆ ಹೆಚ್ಚು. ಅದರ ಬದಲು ಎಳ್ಳೆಣ್ಣೆ ಅಥವಾ ಶೇಂಗಾ ಎಣ್ಣೆ ಸಾಕು. ತೆಂಗಿನ ಎಣ್ಣೆಯೂ ನಮ್ಮ ಕರಾವಳಿಗೆ ಒಗ್ಗಿದ್ದೇ. ಆದರೆ ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಫ್ರಿಜ್ಜಿನಲ್ಲಿಟ್ಟ ಸಲಾಡಿಗೆ ಅದನ್ನು ಹಾಕಿದರೆ ಬಿಳಿಯ ಕಾಳುಗಳಾಗಿ ಬಾಯಿಗೆ ಸಿಗುತ್ತದೆ. ಕಲಸಿದೊಡನೆ ತಿನ್ನುವುದಾದರೆ ಮಾತ್ರ ತೆಂಗಿನ ಎಣ್ಣೆ ಹಾಕಬಹುದು.

ಇನ್ನು ಕಾಳುಮೆಣಸು. ಇದರ ಮಟ್ಟಿಗೆ ಸಾಲ ಪಡೆದವರು ಗ್ರೀಕರು. ಅವರ 'ಪೆಪೆರಿ' ಎಂಬ ಪದ ನಮ್ಮ 'ಪಿಪ್ಪಲಿ'ಯಿಂದ ಹೋದದ್ದು. ಭಾರತದ ಪಶ್ಚಿಮ ಕರಾವಳಿಯ ಮೆಣಸು ಎರಡು ಸಾವಿರ ವರ್ಷಗಳ ಹಿಂದೆಯೇ ಗ್ರೀಕ್ ಮತ್ತು ರೋಮನ್ ವರ್ತಕರ ಹಡಗುಗಳಲ್ಲಿ ಪಡುವಣಕ್ಕೆ ಹೋಗುತ್ತಿತ್ತು. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಮೆಣಸಿನ ರಾಣಿ ಎಂದು ಕರೆದರು. ಆದುದರಿಂದ ನಮ್ಮ ಜಿಲ್ಲೆಯ ಮೆಣಸನ್ನು ಕುಟ್ಟಿ ಈ ಸಲಾಡಿಗೆ ಹಾಕುವಾಗ ಯಾವ ಸಂಕೋಚವೂ ಬೇಡ.

ಮೇಲೆ ಹೇಳಿದ ವಸ್ತುಗಳಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ರುಚಿ ಕೆಡುವುದು, ಅಷ್ಟೆ. ಕೋಳಿಯ ವಿಷಯ ಹಾಗಲ್ಲ. ಇಲ್ಲಿ ಅಲಕ್ಷ್ಯ ಮಾಡಿದರೆ ಆರೋಗ್ಯವೇ ಕೆಡುವುದು. ಹಸಿ ಕೋಳಿಮಾಂಸದಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಎಂಬ ಸೂಕ್ಷ್ಮಜೀವಿಗಳು ಇರುವುದುಂಟು. ಸಾರು ಮಾಡುವಾಗ ಮಾಂಸವೂ ತರಕಾರಿಯೂ ಒಟ್ಟಿಗೆ ಕುದಿಯುವುದರಿಂದ ಇವೆಲ್ಲ ಸಾಯುತ್ತವೆ. ಸಲಾಡಿನಲ್ಲಿಯಾದರೋ ಬೆಂದ ಮಾಂಸದ ಮಗ್ಗುಲಲ್ಲಿ ಬೇಯದ ತರಕಾರಿ ಇರುತ್ತದೆ. ಹಸಿ ಮಾಂಸ ಕೊಯ್ದ ಚೂರಿಯಿಂದಲೇ ಸೌತೆಕಾಯಿ ಕೊಯ್ದರೆ, ಆ ಸೌತೆಕಾಯಿಯನ್ನು ಮತ್ತೆ ಶುದ್ಧಮಾಡುವ ಬೆಂಕಿ ಮುಂದೆ ಎಲ್ಲಿಯೂ ಸಿಗುವುದಿಲ್ಲ. ಕೋಳಿ ಸಲಾಡಿನ ಅಪಾಯವೆಲ್ಲ ಇಲ್ಲಿಯೇ ಅಡಗಿದೆ. ಬಾಡಿಗೆಯ ಕೋಣೆಗಳಲ್ಲಿ ಒಂದೇ ಮಣೆ, ಒಂದೇ ಚೂರಿ ಇಟ್ಟುಕೊಂಡು ಅಡಿಗೆ ಮಾಡಿಕೊಳ್ಳುವ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಇದಕ್ಕೆ ಪರಿಹಾರ ಬಹಳ ಸುಲಭ. ಕೆಲಸದ ಕ್ರಮವನ್ನು ಸರಿಯಾಗಿಟ್ಟುಕೊಂಡರೆ ಸಾಕು. ಪನೀರನ್ನು ಹಿಂದಿನ ದಿನವೇ ಮಾಡಿಡಬೇಕು. ಮರುದಿನ ಮೊದಲು ತರಕಾರಿಯನ್ನೆಲ್ಲ ತೊಳೆದು, ಹೆಚ್ಚಿ, ಮುಚ್ಚಿಡಬೇಕು. ಉಪ್ಪು ಮಾತ್ರ ಹಾಕಕೂಡದು. ಅದಾದ ಮೇಲೆಯೇ ಹಸಿ ಮಾಂಸವನ್ನು ಮುಟ್ಟಬೇಕು. ಮಾಂಸದ ಕೆಲಸ ಮುಗಿದೊಡನೆ ಮಣೆ, ಚೂರಿ ಅಥವಾ ಈಳಿಗೆ, ಪಾತ್ರೆ, ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಹಸಿ ಮಾಂಸವಿಟ್ಟ ತಟ್ಟೆಗೆ ಬೆಂದ ಮಾಂಸವನ್ನು ಮರಳಿ ಹಾಕಬಾರದು. ಅಂಗಡಿಯಿಂದ ತಂದ ಮಾಂಸವನ್ನು ನಲ್ಲಿಯ ಕೆಳಗೆ ಹಿಡಿದು ರಭಸದಿಂದ ತೊಳೆಯುವುದು ನಮ್ಮಲ್ಲಿ ರೂಢಿ. ಹೀಗೆ ತೊಳೆಯುವಾಗ ಸಿಡಿಯುವ ಹನಿಗಳೊಡನೆ ಸೂಕ್ಷ್ಮಜೀವಿಗಳು ಸುತ್ತಲಿನ ಪಾತ್ರೆ ತರಕಾರಿಗಳಿಗೆ ಹರಡುತ್ತವೆಂದು ಇಂದಿನ ಆಹಾರವಿಜ್ಞಾನಿಗಳು ಎಚ್ಚರಿಸಿದ್ದಾರೆ. ತೊಳೆಯಲೇಬೇಕೆನಿಸಿದರೆ ಒಂದು ಪಾತ್ರೆಯಲ್ಲಿ ನೀರು ತುಂಬಿ, ಸಿಡಿಯದಂತೆ ಮೆಲ್ಲಗೆ ಅದ್ದಿ ತೆಗೆದು, ಆ ನೀರನ್ನು ಜೋಪಾನವಾಗಿ ಚೆಲ್ಲಬೇಕು.

ನಾಲ್ವರಿಗೆ ಸಾಕಾಗುವ ಪ್ರಮಾಣ ಹೀಗಿದೆ: ಕೋಳಿಯ ಎದೆಯ ಭಾಗದ ಎಲುಬಿಲ್ಲದ ಮಾಂಸ 400 ಗ್ರಾಂ, ಗಟ್ಟಿ ಟೊಮೇಟೊ 300 ಗ್ರಾಂ, ಎಳೆ ಸೌತೆಕಾಯಿ 300 ಗ್ರಾಂ, ಈರುಳ್ಳಿ 100 ಗ್ರಾಂ, ದೊಣ್ಣಮೆಣಸಿನಕಾಯಿ 100 ಗ್ರಾಂ, ಉಪ್ಪು ಹಿಡಿದ ಪನೀರು 150 ಗ್ರಾಂ, ಉಪ್ಪಿನ ಮಿಡಿಮಾವು 4, ಎಣ್ಣೆ 4 ದೊಡ್ಡ ಚಮಚ, ಲಿಂಬೆಹಣ್ಣು 2, ಬೆಳ್ಳುಳ್ಳಿ 4 ಎಸಳು, ಕುಟ್ಟಿದ ಕಾಳುಮೆಣಸು 1 ಸಣ್ಣ ಚಮಚ, ದೊಡ್ಡಪತ್ರೆ 3 ಎಲೆ, ಓಮು ಒಂದು ಚಿಟಿಕೆ, ರುಚಿಗೆ ಉಪ್ಪು.

ಮಾಂಸವನ್ನು ಒಂದು ಬೆರಳಿನಷ್ಟು ದಪ್ಪದ ಹಲ್ಲೆಗಳಾಗಿ ಕೊಯ್ಯಬೇಕು. ದಪ್ಪ ಸಮನಾಗಿದ್ದರೆ ಬೇಯುವುದೂ ಸಮನಾಗುತ್ತದೆ. ಒಂದು ಲಿಂಬೆಯ ರಸ, ಒಂದು ದೊಡ್ಡ ಚಮಚ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಅರ್ಧ ಮೆಣಸು, ಸ್ವಲ್ಪ ಉಪ್ಪು ಇವನ್ನು ಅದಕ್ಕೆ ಸವರಿ, ಫ್ರಿಜ್ಜಿನಲ್ಲಿ ಅರ್ಧ ತಾಸು ಇಡಬೇಕು. ಲಿಂಬೆಯ ಹುಳಿಯಿಂದ ಮಾಂಸದ ಮೇಲ್ಭಾಗ ಬಿಳುಚಿದಂತೆ ಕಾಣುವುದು. ಅದನ್ನು ಬೆಂದದ್ದೆಂದು ಭಾವಿಸಬಾರದು. ಆಮೇಲೆ ಕಾವಲಿಯನ್ನು ಕಾಯಿಸಿ, ಒಂದು ಚಮಚ ಎಣ್ಣೆ ಹಾಕಿ, ಮಧ್ಯಮ ಉರಿಯಲ್ಲಿ ಒಂದೊಂದು ಮಗ್ಗುಲನ್ನು 5–6 ನಿಮಿಷ ಬೇಯಿಸಬೇಕು. ಮಾಂಸದ ನಡುಭಾಗದ ಉಷ್ಣತೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ರೋಗಾಣುಗಳು ಉಳಿಯುವುದಿಲ್ಲ. ಉಷ್ಣತಾಮಾಪಕ ಇಲ್ಲದವರು ಎಲ್ಲಕ್ಕಿಂತ ದಪ್ಪನೆಯ ಹಲ್ಲೆಯನ್ನು ನಡುವೆ ಸೀಳಿ ನೋಡಬೇಕು. ಒಳಗೆ ಎಲ್ಲಿಯೂ ಗುಲಾಬಿ ಬಣ್ಣವಾಗಲಿ ಮಿದುತನವಾಗಲಿ ಇರದೆ, ಎಳೆ ಎಳೆಯಾಗಿ ಬಿಡಿಸಲು ಬರುವಂತಿರಬೇಕು. ಸಂದೇಹವಿದ್ದರೆ ಮುಚ್ಚಳ ಮುಚ್ಚಿ ಇನ್ನೂ ಕೆಲವು ನಿಮಿಷ ಬೇಯಿಸುವುದೇ ಸರಿ.

ಬೆಂದ ಮಾಂಸವನ್ನು ಬೇರೊಂದು ಶುಭ್ರವಾದ ತಟ್ಟೆಯಲ್ಲಿ ಹರವಿ, ಹತ್ತು ಹದಿನೈದು ನಿಮಿಷ ಆರಲು ಬಿಟ್ಟು, ಉದ್ದುದ್ದ ಹೋಳುಗಳಾಗಿ ಕೊಯ್ಯಬೇಕು. ಬಿಸಿಯಾಗಿಯೇ ಬೆರೆಸಿದರೆ ಟೊಮೇಟೊ ಮೆತ್ತಗಾಗುತ್ತದೆ. ಅಷ್ಟರಲ್ಲಿ ಉಳಿದ ಎಣ್ಣೆ, ಲಿಂಬೆರಸ, ಮೆಣಸು, ದೊಡ್ಡಪತ್ರೆ, ಓಮುಗಳನ್ನು ಒಂದು ಬಟ್ಟಲಿನಲ್ಲಿ ಚೆನ್ನಾಗಿ ಕಡೆದಿಟ್ಟುಕೊಳ್ಳಬೇಕು. ಎಲ್ಲರೂ ಊಟಕ್ಕೆ ಕುಳಿತ ಮೇಲೆ ತರಕಾರಿ, ಮಿಡಿ, ಮಾಂಸಗಳನ್ನು ಕೂಡಿಸಿ, ಈ ರಸ ಸುರಿದು, ಉಪ್ಪು ಹಾಕಿ ಒಮ್ಮೆ ಮೇಲೆ ಕೆಳಗೆ ಮಾಡಿ, ಪನೀರನ್ನು ಕೈಯಿಂದ ಮುರಿದು ಮೇಲೆ ಉದುರಿಸಬೇಕು. ಬೆಂದ ಮಾಂಸ ಬೆರೆತ ಪದಾರ್ಥವನ್ನು ಹೊರಗೆ ಎರಡು ತಾಸಿಗಿಂತ ಹೆಚ್ಚು ಇಡಬಾರದು. ಹವೆಯ ಉಷ್ಣತೆ 32 ಡಿಗ್ರಿ ಮೀರಿದ್ದರೆ ಒಂದೇ ತಾಸು. ನಮ್ಮ ಕರಾವಳಿಯ ಬೇಸಗೆಯ ಮಧ್ಯಾಹ್ನಗಳಿಗೆ ಈ ಎರಡನೆಯ ನಿಯಮವೇ ಅನ್ವಯಿಸುತ್ತದೆ. ಬೆಳಿಗ್ಗೆ ಕಲಸಿ, ಡಬ್ಬಿಯಲ್ಲಿ ತುಂಬಿ ಕಾಲೇಜಿಗೆ ತರತಕ್ಕ ತಿಂಡಿ ಇದಲ್ಲ.

ನೀರಿನ ಬಗ್ಗೆಯೂ ಒಂದು ಮಾತು ಅಗತ್ಯ. ಮಳೆಗಾಲದಲ್ಲಿ ಬಾವಿಗಳ ನೀರು ಕದಡುವುದುಂಟು. ಟೈಫಾಯ್ಡ್ ಮತ್ತು ಒಂದು ಬಗೆಯ ಕಾಮಾಲೆ ಕಲುಷಿತ ನೀರಿನಿಂದಲೇ ಹರಡುತ್ತವೆ. ಆ ತಿಂಗಳುಗಳಲ್ಲಿ ಹಸಿಯಾಗಿ ತಿನ್ನುವ ತರಕಾರಿಯನ್ನು ಮೊದಲು ಮಣ್ಣು ಹೋಗುವಂತೆ ಉಜ್ಜಿ ತೊಳೆದು, ಕೊನೆಗೆ ಕುದಿಸಿ ಆರಿಸಿದ ನೀರಿನಲ್ಲಿ ತೊಳೆಯುವುದು ಕ್ಷೇಮ. ಹೆಚ್ಚಿದ ಮೇಲೆ ತೊಳೆಯಬಾರದು. ಹೋಳುಗಳಿಂದ 'ಸಿ' ಜೀವಸತ್ವವು ನೀರಿನೊಡನೆ ಹರಿದುಹೋಗುತ್ತದೆ.

ಮಾಂಸ ತಿನ್ನದ ಮನೆಗಳು ನಮ್ಮ ಕಡೆ ಬಹಳ. ಅಂಥವರು ಕೋಳಿಯ ಕೆಲಸವೇನೆಂಬುದನ್ನು ನೋಡಿದರೆ ಸಾಕು. ಅದು ಸಸಾರಜನಕವನ್ನು, ಎಂದರೆ ಪ್ರೋಟೀನನ್ನು ಕೊಡುತ್ತದೆ. ಆ ಕೆಲಸವನ್ನು ನೆನೆಸಿ ಬೇಯಿಸಿದ ಕಡಲೆಯಾಗಲಿ ಅಲಸಂದೆಯಾಗಲಿ ಮಾಡಬಲ್ಲದು. ಕೋಸಂಬರಿಯಲ್ಲಿ ನೆನೆದ ಹೆಸರುಬೇಳೆ ಮಾಡುತ್ತ ಬಂದಿರುವುದೂ ಇದನ್ನೇ.

ಒಬ್ಬ ವ್ಯಕ್ತಿ ದಿನಕ್ಕೆ ಕಡಿಮೆಯೆಂದರೆ 400 ಗ್ರಾಂ ತರಕಾರಿ ಹಣ್ಣುಗಳನ್ನು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೇಲೆ ಹೇಳಿದ ಪ್ರಮಾಣದಲ್ಲಿ ಒಬ್ಬೊಬ್ಬರ ಪಾಲಿಗೆ 200 ಗ್ರಾಂ ತರಕಾರಿ ಬರುತ್ತದೆ. ಎಂದರೆ ಒಂದೇ ಹೊತ್ತಿನಲ್ಲಿ ದಿನದ ಅರ್ಧ ಭಾಗ ಮುಗಿಯಿತು. ಜೊತೆಗೆ 100 ಗ್ರಾಂ ಕೋಳಿಮಾಂಸದಿಂದ ಇಪ್ಪತ್ತು ಗ್ರಾಮಿಗೂ ಹೆಚ್ಚು ಪ್ರೋಟೀನು ಸಿಗುತ್ತದೆ. ಅನ್ನದ ರಾಶಿಯ ಮೇಲೆ ಎರಡು ಸೌಟು ಸಾರು ಸುರಿದುಕೊಂಡು ಪಾಠಕ್ಕೆ ಓಡಿಬರುವ ನಮ್ಮಲ್ಲಿ ಅನೇಕರಿಗೆ ಈ ಲೆಕ್ಕ ಯೋಚನೆಗೆ ತಕ್ಕದ್ದು. ಇದನ್ನು ಮಾಡಲು ಹೊರದೇಶದ ಶೀಸೆ ಡಬ್ಬಿಗಳು ಬೇಕಿಲ್ಲ. ಮಾರ್ಚಿನಿಂದ ಮೇ ತಿಂಗಳವರೆಗೆ ಕುಮಟೆಯ ಈರುಳ್ಳಿ ಹೊಸದಾಗಿ ಬರುವ ಕಾಲದಲ್ಲಿ ಒಂದು ಗೊಂಚಲು ಕೊಂಡುತಂದು ಆರಂಭಿಸಿದರೆ, ಬೆಳೆದವನಿಗೆ ನಾಲ್ಕು ಕಾಸು, ತಿಂದವನಿಗೆ ಒಳ್ಳೆಯ ಊಟ, ಎರಡೂ ಆಗುತ್ತವೆ. ವಾಚಕರು ಒಂದು ರಜೆಯ ದಿನ ಇದನ್ನು ತಮ್ಮ ಮನೆಯಲ್ಲಿ ಮಾಡಿ ನೋಡಲಿ.